ಬೈಪೋಲಾರ್ ಅಂದ್ರೆ ಬೆಂಗಳೂರಿನ ವೆದರ್ ಅಲ್ಲ

ನಮ್ಮ ಕಾಲೇಜಿನಲ್ಲಿ 'ಬೈಪೋಲಾರ್' ಅನ್ನೋ ಪದ ಎರಡು ಕಡೆ ಕೇಳಿಸುತ್ತೆ. ಒಂದು, ಇಸಿ ಲ್ಯಾಬಿನಲ್ಲಿ. ಬೈಪೋಲಾರ್ ಜಂಕ್ಷನ್ ಟ್ರಾನ್ಸಿಸ್ಟರ್, ಮೂರು ಕಾಲಿನ ನಮ್ಮ ಬಿಜೆಟಿ. ಇನ್ನೊಂದು, ಕ್ಯಾಂಟೀನಿನಲ್ಲಿ. ಬೆಳಿಗ್ಗೆ ಬಿಸಿಲು ಹೊಡೆದು ಸಂಜೆ ಮಳೆ ಸುರಿದ್ರೆ "ವೆದರ್ ಫುಲ್ ಬೈಪೋಲಾರ್ ಮಗಾ" ಅಂತೀವಿ. ನಿನ್ನೆ ನಗ್ತಾ ಮಾತಾಡಿಸಿದ ಮೇಡಂ ಇವತ್ತು ರೆಕಾರ್ಡ್ ಬುಕ್ ಎಸೆದ್ರೆ ಅವರೂ ಬೈಪೋಲಾರ್. ಹಾಸ್ಟೆಲ್ ವೈಫೈ ಅಂತೂ ಹುಟ್ಟಿದಾಗಿಂದ ಬೈಪೋಲಾರ್.

ಇದರ ಜೊತೆಗೆ ಬೆಂಗಳೂರಿನ ಹಳೇ ಬೈಗುಳ ಒಂದಿದೆ. "ಇವನನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು ಕಣ್ರೋ." ನಮ್ಮ ಉತ್ತರ ಕರ್ನಾಟಕದ ಹುಡುಗರು ಇದನ್ನೇ "ಧಾರವಾಡಕ್ಕ ಕಳಸ್ಬೇಕು" ಅಂತಾರೆ. ಇದನ್ನೆಲ್ಲ ನಿಲ್ಲಿಸಿ ಅಂತ ಬೋರ್ಡ್ ಹಾಕೋಕೆ ನಾನು ಬಂದಿಲ್ಲ. ಪದಗಳ ಪೊಲೀಸ್ ಕೆಲಸ ನಂಗಿಷ್ಟ ಇಲ್ಲ. ಆದ್ರೆ ಒಂದು ಕಾಯಿಲೆಯ ಹೆಸರು ತಮಾಷೆಗೆ ಇಷ್ಟು ಸಲೀಸಾಗಿ ಬಳಕೆಯಾದಾಗ, ಅದರ ಅರ್ಥ ನಮಗೆ ಗೊತ್ತು ಅಂತ ನಾವೇ ನಂಬಿಬಿಡ್ತೀವಿ. ತೊಂದರೆ ಶುರುವಾಗೋದು ಅಲ್ಲಿ. ನಿಜವಾದ ಕಾಯಿಲೆ ಪಕ್ಕದ ಬೆಂಚಿಗೆ ಬಂದು ಕೂತಾಗ ಅದನ್ನ ಗುರುತಿಸೋಕೇ ಆಗಲ್ಲ, ಯಾಕಂದ್ರೆ ನಮ್ಮ ತಲೆಯಲ್ಲಿರೋ ಚಿತ್ರಕ್ಕೂ ಅದಕ್ಕೂ ಹೋಲಿಕೆಯೇ ಇರಲ್ಲ.

ನಂಗೆ ಇದು ಗೊತ್ತಿರೋದು ನನ್ನ ಮಾವನಿಂದ. ಅಮ್ಮನ ತಮ್ಮ. ಮಾಗಡಿ ಕಡೆಯಿಂದ ಐಟಿಐ ಮುಗಿಸಿ ಬಂದು ಪೀಣ್ಯದಲ್ಲಿ ಟರ್ನರ್ ಆಗಿ ಸೇರಿದವರು, ಈಗ ಸಿಎನ್‌ಸಿ ಮಷಿನ್ ನೋಡ್ಕೋತಾರೆ. ಇಪ್ಪತ್ಮೂರನೇ ವಯಸ್ಸಿನಿಂದ ಅವರಿಗೆ ಬೈಪೋಲಾರ್ ಕಾಯಿಲೆ ಇದೆ. ಇವತ್ತಿಗೂ ಕೆಲಸಕ್ಕೆ ಹೋಗ್ತಾರೆ, ಮನೆ ನಡೆಸ್ತಾರೆ, ಭಾನುವಾರ ಅತ್ತೆ ಜೊತೆ ಯಶವಂತಪುರ ಮಾರ್ಕೆಟ್‌ಗೆ ಹೋಗಿ ತರಕಾರಿ ತರ್ತಾರೆ. ಈ ಲೇಖನ ಬರೀಲಾ ಅಂತ ಕೇಳಿದಾಗ, "ಹೆಸರು ಹಾಕ್ಬೇಡ, ಫ್ಯಾಕ್ಟರಿ ಹೆಸರು ಮೊದಲೇ ಹಾಕ್ಬೇಡ, ಮಿಕ್ಕಿದ್ದು ಬರ್ಕೋ" ಅಂದ್ರು.

ಮೊದಲು ಈ 'ಕ್ಷಣಕ್ಕೊಂದು ಮೂಡ್' ಅನ್ನೋ ಕಲ್ಪನೆ ತೆಗೆದುಕೊಳ್ಳೋಣ. ಗಂಟೆಗೊಂದು ಸಲ ಮೂಡ್ ಬದಲಾಗೋದು ಬೈಪೋಲಾರ್ ಆಗಿದ್ರೆ ಸೆಮಿಸ್ಟರ್ ಎಂಡ್‌ನಲ್ಲಿ ಇಡೀ ಕಾಲೇಜಿಗೇ ಆ ಕಾಯಿಲೆ ಇರಬೇಕಿತ್ತು. ವೈದ್ಯರು ಇದನ್ನ ದಿನ, ವಾರಗಳ ಲೆಕ್ಕದಲ್ಲಿ ನೋಡ್ತಾರೆ. ಮೇನಿಯಾ (ನಮ್ಮ ಪುಸ್ತಕಗಳ ಭಾಷೆಯಲ್ಲಿ ಉನ್ಮಾದ) ಅನ್ನಬೇಕಾದ್ರೆ ಸಾಮಾನ್ಯವಾಗಿ ಕನಿಷ್ಠ ಒಂದು ವಾರ, ದಿನದ ಹೆಚ್ಚಿನ ಹೊತ್ತು ಆ ಸ್ಥಿತಿ ಇರಬೇಕು. ಅದಕ್ಕಿಂತ ಸೌಮ್ಯವಾದ ಹೈಪೋಮೇನಿಯಾಗೆ ನಾಲ್ಕು ದಿನ. ಖಿನ್ನತೆಗೆ ಎರಡು ವಾರ. ಮೇನಿಯಾ ಬಂದ್ರೆ ಟೈಪ್ ಒಂದು, ಹೈಪೋಮೇನಿಯಾ ಮತ್ತು ಖಿನ್ನತೆ ಮಾತ್ರ ಇದ್ರೆ ಟೈಪ್ ಎರಡು. ವರ್ಷಕ್ಕೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಸಲ ಬಂದ್ರೆ ಅದನ್ನ 'ರ್‍ಯಾಪಿಡ್ ಸೈಕ್ಲಿಂಗ್' ಅಂತಾರೆ. ಅಂದ್ರೆ ಈ ಕಾಯಿಲೆಯಲ್ಲಿ ವೇಗ ಅನ್ನೋದೇ ವರ್ಷಕ್ಕೆ ನಾಲ್ಕು ಸಲ! ಒಂದು ಸಲ ಬಂದು ಹೋದ್ಮೇಲೆ ಮಧ್ಯದಲ್ಲಿ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಏನೂ ಇರಲ್ಲ. ನಿಮ್ಮ ನನ್ನ ಹಾಗೇ ಇರ್ತಾರೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 'ಎರಡು ಧ್ರುವ' ಅನ್ನೋ ಹೆಸರು ಕೇಳಿದ್ರೆ ಅರ್ಧ ಆ ಕಡೆ, ಅರ್ಧ ಈ ಕಡೆ ಅನ್ನಿಸುತ್ತೆ. ಹಾಗಿಲ್ಲ. ಟೈಪ್ ಒಂದು ಇರೋರನ್ನ ವರ್ಷಾನುಗಟ್ಟಲೆ ಗಮನಿಸಿದ ಅಧ್ಯಯನಗಳ ಪ್ರಕಾರ, ಮೇನಿಯಾದಲ್ಲಿ ಕಳೆಯೋ ಕಾಲದ ಸುಮಾರು ಮೂರು ಪಟ್ಟು ಖಿನ್ನತೆಯಲ್ಲಿ ಹೋಗುತ್ತೆ. ಸಿನಿಮಾದಲ್ಲಿ ತೋರಿಸೋ ಕಿರುಚಾಟ, ಓಡಾಟ ಎಲ್ಲ ಚಿಕ್ಕ ಭಾಗ. ದೊಡ್ಡ ಭಾಗ ಅಂದ್ರೆ ಪಿಜಿ ರೂಮಿನಲ್ಲಿ ಕರ್ಟನ್ ಎಳೆದು, ಮೂರು ದಿನ ಸ್ನಾನ ಮಾಡದೆ, ಮೆಸ್‌ಗೂ ಇಳಿಯದೆ ಮಲಗಿರೋ ಹುಡುಗ. ಅವನನ್ನ ನೋಡಿ "ಬೈಪೋಲಾರ್" ಅಂತ ಯಾರೂ ಅನ್ನಲ್ಲ. "ಸೋಂಬೇರಿ" ಅಂತಾರೆ.

ಹಾಗಾದ್ರೆ ಮೇನಿಯಾ ಅಂದ್ರೆ ಖುಷಿಯಾ? ಈ ತಪ್ಪು ತಿಳಿವಳಿಕೆ ಬಗ್ಗೆ ನಂಗೆ ಸ್ವಲ್ಪ ಉದ್ದಕ್ಕೆ ಬರೀಬೇಕು, ಯಾಕಂದ್ರೆ ನಾವು ಇರೋ ಈ ಊರಲ್ಲಿ ಇದು ಬೇರೆಯೇ ಥರ ಅಪಾಯಕಾರಿ.

ಮಾವನಿಗೆ ಮೊದಲ ಸಲ ಬಂದಾಗ ಮನೆಯವರಿಗೆ ಕಾಯಿಲೆ ಅನ್ನಿಸಿರಲೇ ಇಲ್ಲವಂತೆ. ಹುಡುಗ ಚುರುಕಾಗಿದ್ದಾನೆ ಅಂದ್ಕೊಂಡ್ರಂತೆ. ಎರಡು ಶಿಫ್ಟ್ ಒಟ್ಟಿಗೆ ಮಾಡ್ತಿದ್ರು, ಓಟಿ ಬೇಡ ಅಂತಿರಲಿಲ್ಲ, ಮನೆಗೆ ಬಂದ್ಮೇಲೂ ನಿದ್ದೆ ಇಲ್ಲ. ಇಲ್ಲೊಂದು ಸೂಕ್ಷ್ಮ ಇದೆ, ಗಮನಿಸಿ. ನಿದ್ದೆ ಬರದೆ ಒದ್ದಾಡೋದು ಬೇರೆ. ಮೇನಿಯಾದಲ್ಲಿ ನಿದ್ದೆ ಬೇಕು ಅಂತಲೇ ಅನ್ನಿಸಲ್ಲ. ಎರಡು ಗಂಟೆ ಮಲಗಿ ಎದ್ದು, ಹತ್ತು ಗಂಟೆ ಮಲಗಿದವರಿಗಿಂತ ಚೆನ್ನಾಗಿ ಓಡಾಡ್ತಾರೆ. ಮಾತು ಜೋರಾಯ್ತು, ಒಂದು ಮಾತು ಮುಗಿಯೋಕೆ ಮುಂಚೆ ಇನ್ನೊಂದು. ಸ್ವಂತ ವರ್ಕ್‌ಶಾಪ್ ಹಾಕ್ತೀನಿ ಅಂತ ಶುರು ಮಾಡಿದ್ರು. ಚೀಟಿ ಎತ್ತಿದ್ರು, ಶೆಡ್‌ಗೆ ಅಡ್ವಾನ್ಸ್ ಕೊಟ್ರು, ಇಲ್ಲದ ಮಷಿನ್‌ಗೆ ಇಬ್ಬರು ಹುಡುಗರನ್ನ ಕೆಲಸಕ್ಕೆ ಇಟ್ಕೊಂಡ್ರು. ಮೂರನೇ ವಾರಕ್ಕೆ ಚುರುಕು ಹೋಗಿ ಸಿಡುಕು ಬಂತು, ಅನುಮಾನ ಬಂತು. ಸೂಪರ್‌ವೈಸರ್ ತನ್ನ ಡ್ರಾಯಿಂಗ್ ಕದೀತಿದ್ದಾನೆ ಅಂತ ಜಗಳ. ಕೊನೆಗೆ ಅಜ್ಜಿ ಮತ್ತು ಅಮ್ಮ ಆಟೋದಲ್ಲಿ ಕೂರಿಸ್ಕೊಂಡು ಹೊಸೂರು ರಸ್ತೆಗೆ, ನಿಮ್ಹಾನ್ಸ್‌ಗೆ ಕರ್ಕೊಂಡು ಹೋದ್ರು. ಆ ಚೀಟಿ ಸಾಲ ತೀರೋಕೆ ಐದು ವರ್ಷ ಬೇಕಾಯ್ತು. "ಖುಷಿಯಾಗಿತ್ತಾ ಮಾವ?" ಅಂತ ಒಂದ್ಸಲ ಕೇಳಿದ್ದೆ. "ಮೊದಲ ವಾರ ಆಗಿತ್ತು. ಆಮೇಲೆ ಬ್ರೇಕ್ ಇಲ್ಲದ ಲಾರಿ" ಅಂದ್ರು.

ಈಗ ಇದೇ ಲಕ್ಷಣಗಳನ್ನ ವೈಟ್‌ಫೀಲ್ಡ್‌ನ ಒಂದು ಸ್ಟಾರ್ಟಪ್‌ನಲ್ಲಿ ಇಟ್ಟು ನೋಡಿ. ನಾಲ್ಕು ಗಂಟೆ ನಿದ್ದೆ. ರಾತ್ರಿ ಮೂರಕ್ಕೆ ಕೋಡ್ ಪುಷ್. ತಲೆ ತುಂಬ ಐಡಿಯಾ. ಮೀಟಿಂಗ್‌ನಲ್ಲಿ ಯಾರಿಗೂ ಮಾತಾಡೋಕೆ ಬಿಡಲ್ಲ. ಮ್ಯಾನೇಜರ್ ಏನಂತಾನೆ? ರಾಕ್‌ಸ್ಟಾರ್ ಅಂತಾನೆ. ಆ ತಿಂಗಳ ಅವಾರ್ಡ್ ಅವನಿಗೇ. ಪೀಣ್ಯದಲ್ಲಿ ಎರಡು ಶಿಫ್ಟ್ ಮಾಡೋನ ಬೆರಳು ಮಷಿನ್‌ಗೆ ಸಿಕ್ಕೀತು ಅನ್ನೋ ಭಯ ಸೂಪರ್‌ವೈಸರ್‌ಗಾದ್ರೂ ಇರುತ್ತೆ. ಲ್ಯಾಪ್‌ಟಾಪ್ ಬೆರಳು ಕತ್ತರಿಸಲ್ಲ. ಹಾಗಾಗಿ ಹೈಪೋಮೇನಿಯಾವನ್ನ ಬಹುಮಾನ ಕೊಟ್ಟು ಬೆಳೆಸೋ ಜಾಗ ಯಾವುದಾದ್ರೂ ಇದ್ರೆ ಅದು ನಾವೆಲ್ಲ ಪ್ಲೇಸ್‌ಮೆಂಟ್‌ಗೆ ಆಸೆಪಡೋ ಜಾಗವೇ ಅಂತ ನನ್ನ ಅನಿಸಿಕೆ. ಮೊಬೈಲ್‌ನಲ್ಲಿ ಐದು ನಿಮಿಷಕ್ಕೆ ಸಾಲ ಕೊಡೋ ಆ್ಯಪ್‌ಗಳಿರೋ ಕಾಲದಲ್ಲಿ ಮಾವನ ಚೀಟಿ ಸಾಲ ಏನೂ ಅಲ್ಲ. ಮೂರು ತಿಂಗಳಾದ್ಮೇಲೆ ಅದೇ ಹುಡುಗ ಖಿನ್ನತೆಗೆ ಬಿದ್ದು ಲಾಗಿನ್ ಆಗದೆ ಇದ್ದಾಗ ಅದೇ ಮ್ಯಾನೇಜರ್ 'ಪರ್ಫಾರ್ಮೆನ್ಸ್ ಪ್ಲಾನ್' ಅನ್ನೋ ಇಮೇಲ್ ಕಳಿಸ್ತಾನೆ.

ಇಂಥ ಖಿನ್ನತೆಯಲ್ಲಿ ಹತ್ತಿರದ ಕ್ಲಿನಿಕ್‌ಗೆ ಹೋಗಿ ಬರೀ ಖಿನ್ನತೆಯ ಮಾತ್ರೆ ತಗೊಂಡ್ರೆ ಕೆಲವರಲ್ಲಿ ಅದು ಮತ್ತೆ ಮೇನಿಯಾಗೆ ತಳ್ಳಬಹುದು. ಅದಕ್ಕೇ ಡಾಕ್ಟರ ಹತ್ತಿರ ಈಗಿನ ಬೇಜಾರಿನ ಜೊತೆಗೆ ಹಿಂದಿನ ಆ 'ಸೂಪರ್' ದಿನಗಳನ್ನೂ ಹೇಳಬೇಕು. ಬಹುತೇಕರು ಹೇಳಲ್ಲ. ಯಾಕೆ ಹೇಳ್ತಾರೆ, ಅವಾರ್ಡ್ ಬಂದ ತಿಂಗಳನ್ನ ಕಾಯಿಲೆ ಅಂತ ಯಾರು ಅಂದ್ಕೋತಾರೆ? ಮೊದಲ ಲಕ್ಷಣದಿಂದ ಸರಿಯಾದ ಡಯಾಗ್ನೋಸಿಸ್‌ವರೆಗೆ ಎಷ್ಟೋ ಜನರಿಗೆ ವರ್ಷಗಳೇ ಹಿಡಿಯೋದಕ್ಕೆ ಇದೂ ಒಂದು ಕಾರಣ.

ದೆವ್ವ, ಮಾಟ, ಗಾಳಿ ಸೋಕಿದ್ದು ಅನ್ನೋ ನಂಬಿಕೆಗಳ ಬಗ್ಗೆ ನಾವು ಎಂಜಿನಿಯರಿಂಗ್ ಹುಡುಗರು ನಗ್ತೀವಿ. ನಮ್ಮಜ್ಜಿ ಮಗನಿಗೆ ತಾಯತ ಕಟ್ಟಿಸಿದ್ರು, ಊರ ದೇವರಿಗೆ ಹರಕೆ ಹೊತ್ರು, ಅದೆಲ್ಲ ನಿಜ. ಆದ್ರೆ ಮಾತ್ರೆ ಒಂದು ದಿನವೂ ತಪ್ಪಿಸಲಿಲ್ಲ. ಅವರ ಪ್ರಕಾರ ಕಾಯಿಲೆ ಎಲ್ಲಿಂದಲೋ ಬಂದಿದ್ದು, ಅದರಲ್ಲಿ ಮಗನ ತಪ್ಪಿರಲಿಲ್ಲ. ನಮ್ಮ ಓದಿದವರ ಮೂಢನಂಬಿಕೆ ಬೇರೆ ಥರದ್ದು: "ವಿಲ್ ಪವರ್ ಇದ್ರೆ ಸಾಕು", "ಪಾಸಿಟಿವ್ ಆಗಿ ಯೋಚ್ನೆ ಮಾಡು", "ಜಿಮ್‌ಗೆ ಹೋಗು". ಇದರಲ್ಲಿ ಎಲ್ಲ ತಪ್ಪೂ ರೋಗಿಯದ್ದೇ. ಯಾವುದು ಹೆಚ್ಚು ಕ್ರೂರ ಅಂತ ಕೇಳಿದ್ರೆ ನಾನು ಅಜ್ಜಿಯ ಪರ. ವ್ಯಾಯಾಮ, ಯೋಗ ಎಲ್ಲ ಒಳ್ಳೇದೇ, ಮಾತ್ರೆ ಜೊತೆಗೆ. ಮಾತ್ರೆ ಬದಲಿಗೆ ಅಂದ್ರೆ, ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಬಿಟ್ಟು ಧೈರ್ಯವಾಗಿರಿ ಅಂದ ಹಾಗೆ.

ಮಾತ್ರೆ ವಿಷಯಕ್ಕೆ ಬರೋಣ. ಇದು ನಮ್ಮ ಸಿಲಬಸ್‌ಗೂ ಹತ್ತಿರ. ಮಾವ ತಗೊಳ್ಳೋದು ಲಿಥಿಯಂ. ಹೌದು, ಅದೇ ಲಿಥಿಯಂ. ಪರಮಾಣು ಸಂಖ್ಯೆ 3, ನಿಮ್ಮ ಫೋನಿನ, ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಯಲ್ಲಿರೋದು, ನಮ್ಮ ಮಂಡ್ಯದ ಮಾರ್ಲಗಲ್ಲ ಹತ್ತಿರ ನಿಕ್ಷೇಪ ಸಿಕ್ಕಿದೆ ಅಂತ ಪೇಪರ್‌ನಲ್ಲಿ ಬಂದಿತ್ತಲ್ಲ, ಅದೇ. ಮಾತ್ರೆಯಲ್ಲಿರೋದು ಅದರ ಲವಣ, ಲಿಥಿಯಂ ಕಾರ್ಬೊನೇಟ್. ಇದನ್ನ ಮೊದಲ ಸಲ ನಾನು ಕೇಳಿದಾಗ ತಮಾಷೆ ಅಂದ್ಕೊಂಡಿದ್ದೆ.

ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನೋ ಮನೋವೈದ್ಯರು, ಎರಡನೇ ಮಹಾಯುದ್ಧದಲ್ಲಿ ಸಿಂಗಪುರದ ಚಾಂಗಿಯಲ್ಲಿ ಯುದ್ಧಕೈದಿಯಾಗಿದ್ದು ಬಂದವರು, ಮೊದಲು ಗಿನಿಪಿಗ್‌ಗಳ ಮೇಲೆ, ಆಮೇಲೆ ಮೇನಿಯಾ ಇದ್ದ ಹತ್ತು ರೋಗಿಗಳ ಮೇಲೆ ಲಿಥಿಯಂ ಪ್ರಯೋಗಿಸಿ 1949ರಲ್ಲಿ ಪ್ರಕಟಿಸಿದ್ರು. ಫಲಿತಾಂಶ ಅದ್ಭುತವಾಗಿತ್ತು. ಆದ್ರೆ ಪ್ರಮಾಣ ಹೆಚ್ಚಾದ್ರೆ ಲಿಥಿಯಂ ವಿಷ. ಅದನ್ನ ಅಳೆಯೋಕೆ ಬರ್ತಿರದ ಆ ಕಾಲದಲ್ಲಿ ಸಾವುಗಳೂ ಆದವು. ಅಮೆರಿಕದಲ್ಲಿ ಮಂಜೂರಾತಿ ಸಿಗೋಕೆ 1970ರವರೆಗೆ ಕಾಯಬೇಕಾಯ್ತು. ಇವತ್ತು ಅದನ್ನ ಸುರಕ್ಷಿತ ಮಾಡಿರೋದು ಒಂದು ಸರಳ ರಕ್ತ ಪರೀಕ್ಷೆ. ರಾತ್ರಿ ಮಾತ್ರೆ ತಗೊಂಡು ಹನ್ನೆರಡು ಗಂಟೆಯಾದ್ಮೇಲೆ ಬೆಳಿಗ್ಗೆ ರಕ್ತ ಕೊಡಬೇಕು. ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರಬೇಕು, 1.5 ದಾಟಿದ್ರೆ ಅಪಾಯದ ವಲಯ. ಟಾಲರೆನ್ಸ್ ಎಷ್ಟು ಕಡಿಮೆ ನೋಡಿ! ಮಾವ ಇದನ್ನ ವಿವರಿಸೋದೇ ಹಾಗೆ: "ಶಾಫ್ಟ್ ಟರ್ನ್ ಮಾಡ್ದಂಗೆ ಕಣೋ, ಮೈಕ್ರೋಮೀಟರ್ ಹಿಡ್ಕೊಂಡೇ ಮಾಡ್ಬೇಕು." ಜೊತೆಗೆ ಥೈರಾಯ್ಡ್, ಕಿಡ್ನಿ ಪರೀಕ್ಷೆಗಳು ಆಗಾಗ. ಬೇಸಿಗೆಯಲ್ಲಿ ಬೆವರಿ ನೀರಿನಂಶ ಕಡಿಮೆಯಾದ್ರೆ, ವಾಂತಿ ಭೇದಿ ಆದ್ರೆ, ಬೆನ್ನುನೋವಿಗೆ ಅಂತ ಅಂಗಡಿಯಿಂದ ಐಬುಪ್ರೊಫೇನ್, ಡೈಕ್ಲೋಫೆನಾಕ್ ಥರದ ಮಾತ್ರೆ ತಂದು ನುಂಗಿದ್ರೆ ರಕ್ತದಲ್ಲಿ ಲಿಥಿಯಂ ಏರುತ್ತೆ. ಕೈ ಜೋರಾಗಿ ನಡುಗೋದು, ತೂರಾಡೋದು ಕಂಡ್ರೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಶಾಪ್ ಫ್ಲೋರಿನ ಬಿಸಿಯಲ್ಲಿ ನಿಂತು ಕೆಲಸ ಮಾಡೋರಿಗೆ ಇದು ಸಣ್ಣ ವಿಷಯ ಅಲ್ಲ. ಮಾವನ ಪಕ್ಕ ಯಾವಾಗಲೂ ಎರಡು ಲೀಟರ್ ನೀರಿನ ಬಾಟಲ್ ಇರುತ್ತೆ.

"ಇದೆಲ್ಲ ಚಟ ಆಗುತ್ತೆ, ಮಂಕು ಬಡಿದ ಹಾಗಾಗ್ತಾರೆ" ಅಂತ ಕೇಳಿರ್ತೀರಿ. ಲಿಥಿಯಂ ಚಟ ಹಿಡಿಸಲ್ಲ. ಮಂಕು ಅನ್ನೋದು ಪೂರ್ತಿ ಸುಳ್ಳಲ್ಲ, ಅದನ್ನ ಒಪ್ಪಿಕೊಳ್ಳೋಣ. ಕೆಲವು ಔಷಧಗಳಲ್ಲಿ ನಿದ್ದೆ, ತೂಕ ಹೆಚ್ಚೋದು, ಕೈ ನಡುಕ ಇರುತ್ತೆ. ಮಾವನ ಎಡಗೈ ಇವತ್ತಿಗೂ ಸ್ವಲ್ಪ ನಡುಗುತ್ತೆ, ಟೀ ಲೋಟ ಬಲಗೈಯಲ್ಲೇ ಹಿಡೀತಾರೆ. ಆದ್ರೆ ಪ್ರಮಾಣ ಬದಲಿಸಬಹುದು, ಔಷಧ ಬದಲಿಸಬಹುದು. ಲಿಥಿಯಂ ಬಿಟ್ಟು ಬೇರೆ ಔಷಧಗಳೂ ಇವೆ. ಅದಕ್ಕೆ ಡಾಕ್ಟರ ಜೊತೆ ಜಗಳ ಆಡಿ, ಮಾತ್ರೆ ಜೊತೆ ಬೇಡ. ಏಕಾಏಕಿ ಬಿಟ್ಟಾಗಲೇ ಕಾಯಿಲೆ ಮರಳಿ ಬರೋ ಸಂಭವ ಜಾಸ್ತಿ. "ಈಗ ಹುಷಾರಾಗಿದ್ದೀನಲ್ಲ, ಯಾಕೆ ಮಾತ್ರೆ?" ಅನ್ನೋ ತರ್ಕ ಹೇಗಿದೆ ಅಂದ್ರೆ, ಛತ್ರಿ ಹಿಡಿದು ನೆನೆಯದೆ ಬಂದಿದ್ದೀನಿ, ಹಾಗಾಗಿ ಮಳೆ ಇಲ್ಲ ಅಂದ ಹಾಗೆ. ಈ ಕಾಯಿಲೆ ಇರೋರಲ್ಲಿ ಆತ್ಮಹತ್ಯೆಯ ಅಪಾಯ ಸಾಮಾನ್ಯರಿಗಿಂತ ಹಲವು ಪಟ್ಟು ಹೆಚ್ಚು. ಅದನ್ನ ತಗ್ಗಿಸುತ್ತೆ ಅನ್ನೋದಕ್ಕೆ ಬಲವಾದ ಪುರಾವೆ ಇರೋ ಕೆಲವೇ ಔಷಧಗಳಲ್ಲಿ ಲಿಥಿಯಂ ಒಂದು. ಅಷ್ಟು ಅಗ್ಗದ ಮಾತ್ರೆ ಅದು. ಕಂಪನಿಗಳಿಗೆ ಪೇಟೆಂಟ್ ಲಾಭ ಇಲ್ಲದ್ದರಿಂದ ಅದಕ್ಕೆ ಜಾಹೀರಾತು ಮಾಡೋರೂ ಇಲ್ಲ.

"ಇಂಥೋರಿಗೆ ಕೆಲಸ ಮಾಡೋಕಾಗಲ್ಲ" ಅನ್ನೋದು ಮುಂದಿನದು. ಆಗುತ್ತೆ, ಷರತ್ತು ಇದೆ. ಷರತ್ತಿನ ಹೆಸರು ನಿದ್ದೆ. ನಿದ್ದೆ ಕೆಟ್ಟರೆ ಮೇನಿಯಾ ಬರಬಹುದು, ಮೇನಿಯಾ ಬಂದ್ರೆ ನಿದ್ದೆ ಇನ್ನೂ ಕೆಡುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಪಾಸಿಟಿವ್ ಫೀಡ್‌ಬ್ಯಾಕ್ ಅಂದ್ರೆ ಏನು ಅಂತ ಹೇಳಬೇಕಿಲ್ಲ. ಈಗ ನಮ್ಮ ಸುತ್ತ ನೋಡಿ. ಪೀಣ್ಯದಲ್ಲಿ ಮೂರು ಶಿಫ್ಟ್, ವಾರಕ್ಕೊಮ್ಮೆ ಬದಲು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳಲ್ಲಿ ಅಮೆರಿಕದ ಟೈಮಿಗೆ ಡ್ಯೂಟಿ, ನಸುಕಿನಲ್ಲಿ ಕ್ಯಾಬ್. ಸಿಲ್ಕ್ ಬೋರ್ಡ್ ಟ್ರಾಫಿಕ್ ತಿನ್ನೋ ಎರಡು ಗಂಟೆ ಬೇರೆ. ಬೈಪೋಲಾರ್ ಇರೋರಿಗೆ ಕಷ್ಟ ಮಾಡಬೇಕು ಅಂತಲೇ ಯಾರೋ ಟೈಮ್‌ಟೇಬಲ್ ಬರೆದ ಹಾಗಿದೆ. ಮಾವನಿಗೆ ಎರಡನೇ ಸಲ ಬಂದಿದ್ದು ಮೂರು ವಾರ ಸತತ ನೈಟ್ ಶಿಫ್ಟ್ ಆದ್ಮೇಲೆ. ಅಲ್ಲಿಂದ ಡಾಕ್ಟರ್ ಬರೆದುಕೊಟ್ಟ ಒಂದೇ ಸಾಲಿನ ಪತ್ರ, 'ಇವರಿಗೆ ರಾತ್ರಿ ಪಾಳಿ ಬೇಡ'. ಆಗಿನ ಕಾರ್ಖಾನೆ ಆ ಪತ್ರ ನೋಡಿ, ಹಾಗಾದ್ರೆ ಮನೆಯಲ್ಲೇ ಇರಿ ಅಂತು. ಈಗಿನ ಮಾಲೀಕರು ಅದೇ ಪತ್ರ ನೋಡಿ ಜನರಲ್ ಶಿಫ್ಟ್ ಹಾಕಿಕೊಟ್ರು. ಮನುಷ್ಯ ಅವನೇ, ಕಾಯಿಲೆ ಅದೇ. ಒಂದು ಕಡೆ 'ಅಸಮರ್ಥ', ಇನ್ನೊಂದು ಕಡೆ ಹತ್ತು ವರ್ಷದಿಂದ ರಜೆ ಕಡಿಮೆ ಹಾಕೋ ಆಪರೇಟರ್.

ಇನ್ನು ದುಡ್ಡಿನ ವಿಷಯ, ಇದು ಐಟಿಯವರಿಗೂ ಕಾರ್ಮಿಕರಿಗೂ ಸರಿಯಾಗಿ ಗೊತ್ತಿಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋ ಕಾರ್ಮಿಕರಿಗೆ ಇಎಸ್‌ಐ ಇದೆ. ಕಾಯಿಲೆ ಬಿದ್ರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70 ಸಿಗುತ್ತೆ. ಅದರಾಚೆ, ಇಎಸ್‌ಐ ಪಟ್ಟಿಯಲ್ಲಿ 34 ದೀರ್ಘಕಾಲದ ಕಾಯಿಲೆಗಳಿವೆ, ಕ್ಷಯ, ಕ್ಯಾನ್ಸರ್ ಥರದ್ದು. ಅವುಗಳಿಗೆ ಎರಡು ವರ್ಷದವರೆಗೂ ಶೇ. 80 ಸಿಗೋ 'ವಿಸ್ತರಿತ ಅನಾರೋಗ್ಯ ಸೌಲಭ್ಯ' ಇದೆ, ಎರಡು ವರ್ಷ ಸತತ ಕೆಲಸ ಮಾಡಿರಬೇಕು ಅನ್ನೋ ಷರತ್ತಿನ ಮೇಲೆ. ಆ ಪಟ್ಟಿಯಲ್ಲಿ 'ಮ್ಯಾನಿಕ್ ಡಿಪ್ರೆಸಿವ್ ಸೈಕೋಸಿಸ್' ಅಂತ ಒಂದಿದೆ. ಬೈಪೋಲಾರ್‌ನ ಹಳೇ ಹೆಸರೇ ಅದು, ಎಂಡಿಪಿ. ಹೆಸರು ಹಳೆಯದಾದ್ದರಿಂದ ಎಷ್ಟೋ ಜನ ತಮ್ಮ ಕಾಯಿಲೆ ಪಟ್ಟಿಯಲ್ಲೇ ಇಲ್ಲ ಅಂದ್ಕೊಂಡು ವಾಪಸ್ ಬರ್ತಾರೆ. ನಿಮ್ಮ ಅಪ್ಪ, ಅಣ್ಣ ಯಾರಾದ್ರೂ ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಜಿಗಣಿಯಲ್ಲೋ ಕೆಲಸ ಮಾಡ್ತಿದ್ರೆ ಇದನ್ನ ಹೇಳಿ.

ಐಟಿಯವರಿಗೆ ಇಎಸ್‌ಐ ಇಲ್ಲ, ಗ್ರೂಪ್ ಇನ್ಶೂರೆನ್ಸ್ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ದೈಹಿಕ ಕಾಯಿಲೆಗೆ ಯಾವ ಆಧಾರದಲ್ಲಿ ವಿಮೆ ಕೊಡ್ತಾರೋ ಅದೇ ಆಧಾರದಲ್ಲಿ ಮಾನಸಿಕ ಕಾಯಿಲೆಗೂ ಕೊಡಬೇಕು. 2018ರಲ್ಲೇ ವಿಮಾ ನಿಯಂತ್ರಕರು ಕಂಪನಿಗಳಿಗೆ ಸೂಚನೆ ಕೊಟ್ಟರು, 2022ರಲ್ಲಿ ಮತ್ತೆ ನೆನಪಿಸಬೇಕಾಯ್ತು. ಅಂದ್ರೆ ಮೊದಲ ಸಲ ಎಷ್ಟು ಜನ ಕೇಳಿಸ್ಕೊಂಡಿರಬಹುದು ಅಂತ ನೀವೇ ಊಹಿಸಿ. ಅದೇ ಕಾಯ್ದೆಯಲ್ಲಿ ಕಾಯಿಲೆಯ ವಿವರ ಗುಟ್ಟಾಗಿಡಿಸಿಕೊಳ್ಳೋ ಹಕ್ಕೂ ಇದೆ. ಹಾಗಾಗಿ ಎಚ್‌ಆರ್‌ಗೆ ಹೇಳಬೇಕಾ ಅಂತ ಕೇಳಿದ್ರೆ ನನ್ನ ಅಭಿಪ್ರಾಯ ಇಷ್ಟು: ಎಲ್ಲರಿಗೂ ಹೇಳೋ ಅಗತ್ಯ ಇಲ್ಲ. ಆದ್ರೆ ಆಫೀಸಿನಲ್ಲಿ ನಂಬಿಕೆ ಇರೋ ಒಬ್ಬರಿಗೆ ಗೊತ್ತಿರಬೇಕು, ಮನೆಯವರ ನಂಬರ್ ಅವರ ಹತ್ರ ಇರಬೇಕು. 'ಓಪನ್ ಅಪ್' ಅಂತ ಪೋಸ್ಟರ್ ಅಂಟಿಸೋ ಎಲ್ಲ ಆಫೀಸುಗಳೂ ಓಪನ್ ಆದವರನ್ನ ಚೆನ್ನಾಗಿ ನೋಡ್ಕೋತಾವೆ ಅಂತ ನಂಬೋಕೆ ನಂಗೆ ಕಾರಣ ಸಿಕ್ಕಿಲ್ಲ.

ಉಳಿದ ಕೆಲವು ಬೇಗ ಮುಗಿಸ್ತೀನಿ. ಇದು 'ಸ್ಪ್ಲಿಟ್ ಪರ್ಸನಾಲಿಟಿ' ಅಲ್ಲ. ನೀವು 'ಆಪ್ತಮಿತ್ರ' ನೋಡಿ ಕಲಿತ ಮನಶ್ಶಾಸ್ತ್ರವನ್ನ ಇಲ್ಲಿ ತರಬೇಡಿ. ಈ ಕಾಯಿಲೆ ಇರೋರಲ್ಲಿ ಬಹುಪಾಲು ಜನ ಯಾರ ಮೇಲೂ ಕೈ ಮಾಡಿದವರಲ್ಲ. ಜೀನಿಯಸ್‌ಗಳಿಗೆ ಬರೋ ಕಾಯಿಲೆ ಅನ್ನೋದೂ ಒಂದು ರೊಮ್ಯಾಂಟಿಕ್ ಕಥೆ. ಮಾವ ಒಳ್ಳೇ ಟರ್ನರ್, ಆದ್ರೆ ಕಾಯಿಲೆಯಿಂದಲ್ಲ. ತಂದೆ ಅಥವಾ ತಾಯಿ ಒಬ್ಬರಿಗಿದ್ರೆ ಮಕ್ಕಳಿಗೆ ಬರೋ ಸಂಭವ ಸುಮಾರು ಶೇ. 10ರಷ್ಟು. ಅಂದ್ರೆ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಬರಲ್ಲ.

"ಮದುವೆ ಮಾಡಿದ್ರೆ ಸರಿಹೋಗುತ್ತೆ" ಅನ್ನೋದನ್ನ ಮಾತ್ರ ಹಾಗೆ ದಾಟೋಕಾಗಲ್ಲ. ಇದರಲ್ಲಿ ಪೆಟ್ಟು ತಿನ್ನೋದು ಹೆಚ್ಚಾಗಿ ಹೆಣ್ಣುಮಕ್ಕಳು. ಗಂಡಿನ ಕಡೆಯವರಿಗೆ ಗೊತ್ತಾಗಬಾರದು ಅಂತ ಮದುವೆ ವಾರದಲ್ಲಿ ಮಾತ್ರೆ ಮುಚ್ಚಿಡ್ತಾರೆ. ಮದುವೆ ಮನೆಯ ನಿದ್ದೆಗೇಡು, ಮಾತ್ರೆ ಇಲ್ಲ, ಎರಡೂ ಸೇರಿದ್ರೆ ಏನಾಗುತ್ತೆ ಅಂತ ಮೇಲೆ ಓದಿದ್ದೀರಿ. ಆಮೇಲೆ ಬಸಿರು. ವಾಲ್ಪ್ರೊಯೇಟ್ ಅನ್ನೋ ಔಷಧ ಗರ್ಭದಲ್ಲಿರೋ ಮಗುವಿಗೆ ಅಪಾಯಕಾರಿ, ಹಾಗಾಗಿ ಮೊದಲೇ ಡಾಕ್ಟರ ಹತ್ತಿರ ಮಾತಾಡಿ ಬದಲಿಸಿಕೊಳ್ಳಬೇಕು. ಹೆರಿಗೆಯಾದ ಮೊದಲ ವಾರಗಳು ಕಾಯಿಲೆ ಮರಳೋ ಅತಿ ಅಪಾಯದ ಕಾಲ. ನಿಮ್ಹಾನ್ಸ್‌ನಲ್ಲಿ ತಾಯಿ, ಮಗು ಇಬ್ಬರನ್ನೂ ಒಟ್ಟಿಗೆ ಸೇರಿಸಿಕೊಳ್ಳೋ ವಾರ್ಡೇ ಇದೆ. ಗುಟ್ಟಾಗಿಟ್ಟು ಮದುವೆ ಮಾಡಿದ ಮನೆಯಲ್ಲಿ ಈ ಪ್ಲಾನಿಂಗ್ ಯಾರು ಮಾಡ್ತಾರೆ? ನಮ್ಮತ್ತೆಗೆ ಎಲ್ಲ ಹೇಳಿಯೇ ಮದುವೆ ಮಾಡಿದ್ದು. ಮೂರು ಸಂಬಂಧ ತಪ್ಪಿ ನಾಲ್ಕನೆಯದು ಒಪ್ಪಿದ್ದು. ಮಾವನಿಗೆ ಕಾಯಿಲೆ ಮರಳುವ ಮೊದಲ ಲಕ್ಷಣ ಮಾವನಿಗಿಂತ ಮುಂಚೆ ಗೊತ್ತಾಗೋದು ಅತ್ತೆಗೇ. "ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆಯೋಕೆ ಶುರು ಮಾಡಿದ್ರೆ ಡಾಕ್ಟರಿಗೆ ಫೋನ್ ಮಾಡ್ತೀನಿ" ಅಂತಾರೆ.

ಇದೆಲ್ಲ ನಮಗ್ಯಾಕೆ ಅನ್ನೋರಿಗೆ ಸ್ವಲ್ಪ ಲೆಕ್ಕ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ವಯಸ್ಕರಲ್ಲಿ ಶೇ. 0.5ರಷ್ಟು ಜನರಿಗೆ ಜೀವನದಲ್ಲಿ ಯಾವಾಗಲಾದ್ರೂ ಬೈಪೋಲಾರ್ ಬಂದಿರುತ್ತೆ. ಅವರಲ್ಲಿ ಸುಮಾರು ಶೇ. 70 ಜನ ಚಿಕಿತ್ಸೆಯಿಂದ ಹೊರಗೇ ಇದ್ದಾರೆ. ಆ 12ರಲ್ಲಿ ಕರ್ನಾಟಕ ಇರಲಿಲ್ಲ, ಆದ್ರೂ ಅಂದಾಜಿಗೆ ಅದೇ ಸಂಖ್ಯೆ ಹಿಡಿದ್ರೆ 20,000 ಜನ ಕೆಲಸ ಮಾಡೋ ಒಂದು ಟೆಕ್ ಪಾರ್ಕ್‌ನಲ್ಲಿ ನೂರು ಜನ. ಈ ಕಾಯಿಲೆ ಸಾಮಾನ್ಯವಾಗಿ ತಲೆ ಎತ್ತೋದು ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಮೊದಲ ವರ್ಷಗಳಲ್ಲಿ. ಅಂದ್ರೆ ಮೊದಲ ಸೆಮ್‌ನಿಂದ ಮೊದಲ ಕೆಲಸದವರೆಗೆ. ಅಂದ್ರೆ ಇದನ್ನ ಓದ್ತಿರೋ ನೀವು. ಮನೆ ಬಿಟ್ಟು ಪಿಜಿಯಲ್ಲಿದ್ದಾಗ, ಯಾವ ಅಮ್ಮನೂ ಯಾವ ಅತ್ತೆಯೂ ಗಮನಿಸದ ವಯಸ್ಸಲ್ಲಿ. ಗಮನಿಸಬೇಕಾದೋರು ರೂಮ್‌ಮೇಟ್‌ಗಳು.

ಹಾಗಾದ್ರೆ ರೂಮ್‌ಮೇಟ್ ಏನು ಮಾಡ್ಬೇಕು? ನೀವು ಡಾಕ್ಟರ್ ಅಲ್ಲ, ಡಯಾಗ್ನೋಸ್ ಮಾಡೋಕೆ ಹೋಗಬೇಡಿ. ನಾಲ್ಕೈದು ದಿನ ಅವನು ಮಲಗೇ ಇಲ್ಲ, ಸುಸ್ತೂ ಆಗಿಲ್ಲ, ದುಡ್ಡು ನೀರಿನಂತೆ ಖರ್ಚಾಗ್ತಿದೆ ಅಂದ್ರೆ ವಾದ ಮಾಡಬೇಡಿ, ಮೇನಿಯಾದಲ್ಲಿ ವಾದ ಗೆದ್ದವರಿಲ್ಲ. ಗಾಡಿ ಕೀ ಕೈಗೆ ಸಿಗದ ಹಾಗೆ ನೋಡ್ಕೊಳ್ಳಿ, ಮನೆಗೆ ಫೋನ್ ಮಾಡಿ. ಖಿನ್ನತೆಯಲ್ಲಿದ್ರೆ ಒಬ್ಬನೇ ಬಿಡಬೇಡಿ. ಸಾಯೋ ಮಾತಾಡ್ತಿದ್ರೆ ನೇರವಾಗಿಯೇ ಕೇಳಿ. ಕೇಳಿದ್ರೆ ಐಡಿಯಾ ಕೊಟ್ಟ ಹಾಗಾಗುತ್ತೆ ಅನ್ನೋದೂ ತಪ್ಪು ತಿಳಿವಳಿಕೆಯೇ. ಆಮೇಲೆ 14416. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಅದರ ಕೇಂದ್ರ ನಿಮ್ಹಾನ್ಸ್, ತಾಂತ್ರಿಕ ಬೆಂಬಲ ಎಲೆಕ್ಟ್ರಾನಿಕ್ ಸಿಟಿಯ ಐಐಐಟಿ ಬೆಂಗಳೂರಿನದ್ದು. ಹೊಸೂರು ರಸ್ತೆಯ ಆ ತುದಿಯಲ್ಲಿ ಡಾಕ್ಟರು, ಈ ತುದಿಯಲ್ಲಿ ಎಂಜಿನಿಯರು. ಪ್ರಾಜೆಕ್ಟ್ ಐಡಿಯಾ ಹುಡುಕ್ತಿರೋ ಫೈನಲ್ ಇಯರ್‌ನವರು ಗಮನಿಸಿ. ನೇರ ಹೋಗಬೇಕು ಅಂದ್ರೆ ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನ ಸೆಂಟರ್ ಫಾರ್ ವೆಲ್ ಬೀಯಿಂಗ್ ಇದೆ. ಬನ್ನೇರುಘಟ್ಟ ಕಡೆಯ ಸಕಲವಾರದಲ್ಲಿ 1970ರ ದಶಕದಿಂದಲೂ ಅವರದ್ದೊಂದು ಸಮುದಾಯ ಕೇಂದ್ರ ಇದೆ. ಹೊಸೂರು ರಸ್ತೆಯ ಆ ದೊಡ್ಡ ಗೇಟು ದಾಟೋಕೆ ಮುಜುಗರ ಪಡೋರಿಗೆ ಇವು ಸುಲಭ.

ಕೊನೆಯದಾಗಿ ನಮ್ಮ ಕಾಲೇಜಿನ ವಿಷಯ. ಡೆಂಗಿ ಬಂದು ಹತ್ತು ದಿನ ರಜೆ ಹಾಕಿದ್ರೆ ಸರ್ಟಿಫಿಕೇಟ್ ಕೊಟ್ಟು ಹಾಜರಾತಿ ರಿಯಾಯಿತಿ ಕೇಳ್ತೀವಿ, ಯಾರೂ ಪ್ರಶ್ನೆ ಮಾಡಲ್ಲ. ಮನೋವೈದ್ಯರ ಸರ್ಟಿಫಿಕೇಟ್ ತಂದ್ರೆ ಅದು ಡಿಪಾರ್ಟ್‌ಮೆಂಟಿನ ಮೂರು ಟೇಬಲ್ ಸುತ್ತುತ್ತೆ, ಸಂಜೆಯೊಳಗೆ ಇಡೀ ಕ್ಲಾಸಿಗೆ ಗೊತ್ತಾಗುತ್ತೆ. ಕ್ಲಬ್ಬಿನ ಕಡೆಯಿಂದ ಎರಡು ಬೇಡಿಕೆ ಬರೆದಿದ್ದೀವಿ. ಒಂದು, ಯಾವ ಕಾಯಿಲೆಯ ಸರ್ಟಿಫಿಕೇಟ್ ಆದ್ರೂ ಒಬ್ಬರೇ ಅಧಿಕಾರಿಗೆ, ಮುಚ್ಚಿದ ಕವರ್‌ನಲ್ಲಿ ಕೊಡೋ ವ್ಯವಸ್ಥೆ ಬೇಕು. ಎರಡು, ಫೆಸ್ಟ್ ಮತ್ತು ಹ್ಯಾಕಥಾನ್‌ಗಳಲ್ಲಿ ಇಡೀ ರಾತ್ರಿ ಎದ್ದಿರಲೇಬೇಕು ಅನ್ನೋ ನಿಯಮ ತೆಗೆದು, ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಆರರವರೆಗೆ ಸಬ್ಮಿಷನ್ ನಿಲ್ಲಿಸಬೇಕು. ಮುಂದಿನ ಸೋಮವಾರ ಪ್ರಿನ್ಸಿಪಾಲರಿಗೆ ಕೊಡ್ತೀವಿ. ಸಹಿ ಹಾಕೋರು ಶುಕ್ರವಾರ ಮಧ್ಯಾಹ್ನದ ಬ್ರೇಕ್‌ನಲ್ಲಿ ಕ್ಲಬ್ ರೂಮಿಗೆ ಬನ್ನಿ, ಪೆನ್ನು ನಮ್ಮ ಹತ್ರ ಇದೆ.